ನಿಮಗಿದು ಗೊತ್ತೆ? ಮೋಡದ ವಿಜ್ಞಾನಿ ಕಡಲೆಕಾಯಿ ಹೊಲಕ್ಕೆ ಬಂದರು

ಸಮಭಾಜಕದ ಬಳಿಯ ಮೋಡದ ಪಟ್ಟಿ ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು ಭಾರತದ ನೆಲದ ಮೇಲೆ ನೆಲೆಸುವುದೇ ಮುಂಗಾರು. ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ 1980ರಲ್ಲಿ ಇದಕ್ಕೆ ಬಲವಾದ ಪುರಾವೆ ಕೊಟ್ಟವರು ಹವಾಮಾನ ವಿಜ್ಞಾನಿಗಳಾದ ಡಿ.ಆರ್. ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳ್.

* ಪುಣೆಯಲ್ಲಿ ಹುಟ್ಟಿದ ಸುಲೋಚನಾ, ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಪಡೆದು, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು.

* ಪಾವಗಡ–ಅನಂತಪುರ ಸೀಮೆಯ ರೈತರ ಜೊತೆ ಕೂತು, ಹಲವು ದಶಕಗಳ ಮಳೆ ದಾಖಲೆ ಹಿಡಿದು, ಮಳೆಯಾಶ್ರಿತ ಕಡಲೆಕಾಯಿಯನ್ನು ಯಾವಾಗ ಬಿತ್ತಿದರೆ ನಷ್ಟದ ಅಪಾಯ ಕಡಿಮೆ ಎಂದು ಸಹೋದ್ಯೋಗಿಗಳೊಂದಿಗೆ ಲೆಕ್ಕ ಹಾಕಿದರು.

* ತೀವ್ರ ಬರ ಬಂದರೆ ದೇಶದ ಒಟ್ಟು ಆಂತರಿಕ ಉತ್ಪನ್ನಕ್ಕೆ (ಜಿಡಿಪಿ) ಶೇ 2ರಿಂದ 5ರಷ್ಟು ಪೆಟ್ಟು ಬೀಳುತ್ತದೆ ಎಂದು 2006ರಲ್ಲಿ ಮಗ ಸಿದ್ಧಾರ್ಥ ಗಾಡ್ಗೀಳ್ ಜೊತೆ ತೋರಿಸಿಕೊಟ್ಟರು.

ರೈತರ ಪ್ರಶ್ನೆಯಿಂದಲೇ ಸಂಶೋಧನೆ ಶುರುವಾಗಬೇಕೆಂಬ ಅವರ ದಾರಿ ಇಂದಿಗೂ ಮಾದರಿ.