ಜಿತಾಡಾ ಹಿಡಿಯಲು ಎಂಥ ರೀಲು ಬೇಕು?

ತೊಂಬತ್ತು ಗ್ರಾಂ ತೂಗುವ, ಒಂದು ಗೇಣು ಉದ್ದದ ಕೃತಕ ಮೀನನ್ನು ದಾರಕ್ಕೆ ಕಟ್ಟಿ ಎರಡೂ ಕೈಯಿಂದ ರಾಡ್ ಬೀಸಿದರೆ ಅದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹಾರಬಲ್ಲದು. ರೀಲು ದಾರವನ್ನೂ ಅಷ್ಟೇ ವೇಗದಲ್ಲಿ ಬಿಡಬೇಕು. ದಾರ ಸುತ್ತಿದ ಸ್ಪೂಲಿನ ವ್ಯಾಸ 40 ಮಿಲಿಮೀಟರ್ ಎಂದುಕೊಂಡರೆ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರ್. ಸ್ಪೂಲು ಸೆಕೆಂಡಿಗೆ 200 ಸಲ, ನಿಮಿಷಕ್ಕೆ 12 ಸಾವಿರ ಸಲ ತಿರುಗಬೇಕಾಯಿತು. ಅಂಗೈಯಲ್ಲಿ ಹಿಡಿಸುವ ಯಂತ್ರವೊಂದು ಸ್ತಬ್ಧ ಸ್ಥಿತಿಯಿಂದ ಈ ವೇಗಕ್ಕೆ ಏರುವುದು ಅರೆ ಸೆಕೆಂಡೂ ಹಿಡಿಯದ ಮಾತು.

ಒಳಗೆ ಮೀನಿನಂತೆ ಕೀಲು, ಹಿಂದೆ ಬಾಲ, ನೀರಲ್ಲಿ ಎಳೆದರೆ ಥೇಟ್ ಈಜುವ ನಡೆ: ಇಂಥ ಕೃತಕ ಮೀನಿಗೆ ಗಾಳದವರು ಸ್ವಿಮ್‌ಬೈಟ್ ಎನ್ನುತ್ತಾರೆ. ದೊಡ್ಡ ಗಾತ್ರದವು ಹೆಸರು ಮಾಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಕೆರೆಗಳಿಗೆ ಬಿಡುತ್ತಿದ್ದ ಟ್ರೌಟ್ ಮೀನುಗಳನ್ನು ತಿಂದು ಕೊಬ್ಬಿದ ಬಾಸ್ ಮೀನುಗಳಿಗೆ ಸಣ್ಣಪುಟ್ಟ ಗಾಳ ರುಚಿಸುತ್ತಿರಲಿಲ್ಲ.

ಥಾಣೆ ಸುತ್ತಿನಲ್ಲಿ ಬಾಸ್ ಇಲ್ಲ, ಜಿತಾಡಾ ಇದೆ. ಕಲ್ಯಾಣ್‌ನ ದುರ್ಗಾಡಿ ಕೋಟೆಯ ಬುಡದಲ್ಲಿ ಹರಿದು, ಡೊಂಬಿವಲಿಯ ರೇತಿ ಬಂದರನ್ನು ಹಾದು, ವಸಾಯಿ ಖಾಡಿಯಾಗಿ ಸಮುದ್ರ ಸೇರುವ ಉಲ್ಹಾಸ್ ನದಿ ಒಂದು ಕಡೆ. ಥಾಣೆಗೂ ನವಿ ಮುಂಬಯಿಗೂ ನಡುವೆ ಚಾಚಿಕೊಂಡ ಥಾಣೆ ಖಾಡಿ ಇನ್ನೊಂದು ಕಡೆ. ಉಪ್ಪು ನೀರೂ ಸಿಹಿ ನೀರೂ ಬೆರೆಯುವ ಇಂಥ ಕಡೆಯೇ ಜಿತಾಡಾದ ನೆಲೆ. ಬಂಗಾಳಿಗಳ ಭೇಟ್ಕಿ, ಮಲಯಾಳಿಗಳ ಕಾಳಾಂಜಿ, ಆಸ್ಟ್ರೇಲಿಯದವರ ಬಾರಮುಂಡಿ ಎಲ್ಲವೂ ಇದೇ ಮೀನು. ನೇತ್ರಾವತಿ, ಶರಾವತಿಗಳ ಅಳಿವೆ ಕಂಡು ಬೆಳೆದು ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಿಗೂ ಇದು ಗುರುತಿನದೇ.

ಜಿತಾಡಾ ಬೇಟೆಯನ್ನು ಕಚ್ಚಿ ಹರಿಯುವುದಿಲ್ಲ, ಹೀರುತ್ತದೆ. ಬಾಯಿಯನ್ನೂ ಕಿವಿರಿನ ಮುಚ್ಚಳವನ್ನೂ ಒಮ್ಮೆಲೇ ಅಗಲಿಸಿದಾಗ ನೀರು ಒಳನುಗ್ಗುತ್ತದೆ, ಜೊತೆಗೆ ಬೇಟೆಯೂ. ಖಾಡಿಯಲ್ಲಿ ಗುಂಪುಗಟ್ಟಿ ತಿರುಗುವ ಬೋಯ್ ಮೀನು ಅದರ ಮೆಚ್ಚಿನ ಆಹಾರ. ಗೇಣುದ್ದದ ಬೋಯ್ ಮೀನನ್ನು ಇಡಿಯಾಗಿ ನುಂಗುವ ಮೀನಿಗೆ ಗೇಣುದ್ದದ ಸ್ವಿಮ್‌ಬೈಟ್ ದೊಡ್ಡದೇನಲ್ಲ. ಕಷ್ಟವೆಲ್ಲ ಅದನ್ನು ಎಸೆದು ಎಳೆಯಬೇಕಾದ ರೀಲಿನದು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ರೀಲು ಸಿಗುತ್ತವೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲು ತಿರುಗುವುದಿಲ್ಲ, ದಾರ ಅದರ ಅಂಚಿನಿಂದ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಕಲಿಯಲು ಸುಲಭ. ಆದರೆ ಎಸೆಯುವ ಮುನ್ನ ದಾರವನ್ನು ತೋರುಬೆರಳಿನಲ್ಲಿ ತಡೆದು ಹಿಡಿಯಬೇಕು. ತೊಂಬತ್ತು ಗ್ರಾಂ ತೂಕ ಜಗ್ಗಿದಾಗ ಹೆಣೆದ ಬ್ರೇಡ್ ದಾರ ಬೆರಳನ್ನೇ ಕೊಯ್ಯಬಹುದು. ಬೇಟ್‌ಕಾಸ್ಟರ್ ರೀಲಿನಲ್ಲಿ ಸ್ಪೂಲೇ ತಿರುಗುತ್ತದೆ, ಹೆಬ್ಬೆರಳು ಅದರ ಮೇಲಿರುತ್ತದೆ, ದಾರ ನೇರ ಬರುತ್ತದೆ. ದೊಡ್ಡ ಸ್ವಿಮ್‌ಬೈಟ್ ಎಸೆಯುವವರು ಹೆಚ್ಚಾಗಿ ಇದನ್ನೇ ಹಿಡಿಯುವುದು ಈ ಕಾರಣಕ್ಕೆ.

ಇದರ ವಂಶ ಗಡಿಯಾರದವರ ಮನೆತನದ್ದು. ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಸ್ಪೂಲು ಹಲವು ಸುತ್ತು ತಿರುಗುವ ನಯವಾದ ರೀಲನ್ನು 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಮಾಡಿದವನು ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕ. ದಾರವನ್ನು ಸ್ಪೂಲಿನ ಮೇಲೆ ಸಮನಾಗಿ ಹಾಸುವ ಏರ್ಪಾಡಿಗೆ ವಿಲಿಯಂ ಶೇಕ್ಸ್‌ಪಿಯರ್ ಜೂನಿಯರ್ ಪೇಟೆಂಟ್ ಪಡೆದದ್ದು 1897ರಲ್ಲಿ. ಸ್ವೀಡನ್ನಿನ ಆಬು ಕಂಪನಿ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿ. ಅದೇ ವರ್ಷ ಜಪಾನಿನ ಸಕಾಯ್ ಪಟ್ಟಣದಲ್ಲಿ ಶುರುವಾದ ಶಿಮಾನೊ ಮೊದಲು ಮಾಡಿದ್ದು ಸೈಕಲ್ಲಿನ ಫ್ರೀವೀಲ್. ಹಲ್ಲುಚಕ್ರ ಕೊರೆಯುವ ಕೈಗಳಿಗೆ ರೀಲು ಒಲಿದದ್ದು ಸಹಜ.

ಬೇಟ್‌ಕಾಸ್ಟರಿನ ದೊಡ್ಡ ಕಾಟ ದಾರದ ಸಿಕ್ಕು. ಹಾರುತ್ತಿರುವ ಬೈಟಿನ ವೇಗವನ್ನು ಗಾಳಿ ತಗ್ಗಿಸುತ್ತದೆ. ಸ್ಪೂಲಿಗೆ ಆ ಸುದ್ದಿ ತಲುಪುವುದಿಲ್ಲ, ಅದು ಹಳೆಯ ವೇಗದಲ್ಲೇ ತಿರುಗಿ ಬೇಡದ ದಾರವನ್ನೆಲ್ಲ ಕಕ್ಕುತ್ತದೆ. ಅದಕ್ಕೇ ಒಳಗೆ ಬ್ರೇಕ್ ಇರುತ್ತದೆ. ಒಂದು ಬಗೆಯಲ್ಲಿ ಸ್ಪೂಲು ತಿರುಗಿದಾಗ ಚಿಕ್ಕ ತುಂಡುಗಳು ಹೊರಕ್ಕೆ ಸಿಡಿದು ಉಂಗುರಕ್ಕೆ ಉಜ್ಜುತ್ತವೆ. ವೇಗ ಇಮ್ಮಡಿಯಾದರೆ ಅವುಗಳ ಒತ್ತಡ ನಾಲ್ಕು ಪಟ್ಟಾಗುತ್ತದೆ. ಇನ್ನೊಂದು ಬಗೆಯಲ್ಲಿ ಆಯಸ್ಕಾಂತಗಳು ಸ್ಪೂಲನ್ನು ಮುಟ್ಟದೆಯೇ, ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ತಡೆಯುತ್ತವೆ. ಅಗಲ ಮೈಯ ಸ್ವಿಮ್‌ಬೈಟ್ ಗಾಳಿಯಲ್ಲಿ ಬೇಗ ನಿಧಾನವಾಗುವುದರಿಂದ ಬ್ರೇಕ್ ಚೆನ್ನಾಗಿರಲೇಬೇಕು. ಎಸೆತದ ನಡುವೆ ಸ್ಪೂಲು ಸಿಕ್ಕಿಕೊಂಡು ನಿಂತರೆ, ಒಂದು ಕಿಲೋ ಕಲ್ಲು ಸುಮಾರು ಮೂರು ಮೀಟರ್ ಮೇಲಿನಿಂದ ಬಿದ್ದಷ್ಟು ಶಕ್ತಿ ದಾರದ ಮೇಲೆ ಎರಗುತ್ತದೆ. ದಾರ ಕಡಿದರೆ ಕೊಕ್ಕೆಗಳ ಸಮೇತ ಬೈಟು ಎತ್ತ ಹೋದೀತೋ! ಜನ ಓಡಾಡುವ ದಂಡೆಯಲ್ಲಿ ಇದು ಆಟದ ಮಾತಲ್ಲ.

ಜಾಹೀರಾತುಗಳು ಕೊಂಡಾಡುವ ಹಗುರ ಸ್ಪೂಲು ಇಲ್ಲಿ ಅಷ್ಟು ಮುಖ್ಯವಲ್ಲ. ಐದು ಗ್ರಾಂ ಬೈಟಿಗೆ ಸ್ಪೂಲನ್ನು ತಿರುಗಿಸುವುದೇ ಹೊರೆ. ತೊಂಬತ್ತು ಗ್ರಾಂ ಬೈಟಿಗೆ ಅದು ಲೆಕ್ಕಕ್ಕಿಲ್ಲ, ತನ್ನ ಭಾರದಿಂದಲೇ ದೂರ ಹೋಗುತ್ತದೆ. ಹಾಗಾಗಿ ದೊಡ್ಡ ಬೈಟಿನ ರೀಲನ್ನು ತೂಗಿ ನೋಡಬೇಕಾದದ್ದು ಬೈಟು ನೀರಿಗೆ ಬಿದ್ದ ಮೇಲಿನ ಕೆಲಸದಿಂದ.

ಮೊದಲನೆಯದು ಎಳೆತ. ಗೇರ್ ಅನುಪಾತ 6 ಎಂದರೆ ಹ್ಯಾಂಡಲಿನ ಒಂದು ಸುತ್ತಿಗೆ ಸ್ಪೂಲು ಆರು ಸುತ್ತು. 40 ಮಿಲಿಮೀಟರ್ ಸ್ಪೂಲು ಸುಮಾರು 75 ಸೆಂಟಿಮೀಟರ್ ದಾರ ಸುತ್ತಿಕೊಳ್ಳುತ್ತದೆ. ದಾರ ಹೊರಗೆ ಹೋಗಿ ವ್ಯಾಸ 32ಕ್ಕೆ ಇಳಿದಿದ್ದರೆ 60 ಸೆಂಟಿಮೀಟರ್ ಮಾತ್ರ. ಅನುಪಾತ ಹೆಚ್ಚಾದಷ್ಟೂ ವೇಗ ಹೆಚ್ಚು, ಬಲ ಕಡಿಮೆ; ಘಾಟಿ ಹತ್ತುವಾಗ ಬಸ್ಸಿನ ಡ್ರೈವರ್ ಗೇರ್ ಇಳಿಸುವುದು ಇದೇ ನಿಯಮಕ್ಕೆ ತಲೆಬಾಗಿ. ತುದಿಯಿಂದ ತುದಿಗೆ 110 ಮಿಲಿಮೀಟರ್ ಇರುವ ಹ್ಯಾಂಡಲನ್ನು ಎರಡು ಕಿಲೋ ಬಲದಿಂದ ತಿರುಗಿಸಿದರೆ, ಘರ್ಷಣೆ ಬಿಟ್ಟು, 5ರ ಅನುಪಾತದಲ್ಲಿ ದಾರಕ್ಕೆ ಸಿಗುವುದು 1.1 ಕಿಲೋ, 8ರ ಅನುಪಾತದಲ್ಲಿ ಸುಮಾರು 700 ಗ್ರಾಂ. ಹ್ಯಾಂಡಲ್ 90 ಮಿಲಿಮೀಟರಿಗೆ ಇಳಿದರೆ 5ರಲ್ಲೂ 900 ಗ್ರಾಂ ಅಷ್ಟೇ. ನೀರನ್ನು ತಳ್ಳಿಕೊಂಡು ಬರುವ ಬೈಟನ್ನು ದಿನವಿಡೀ ಎಳೆಯುವ ಮಣಿಕಟ್ಟಿಗೆ ಈ ವ್ಯತ್ಯಾಸ ಸಂಜೆಯೊಳಗೆ ತಿಳಿಯುತ್ತದೆ.

ಹಾಗೆಂದು ತೀರಾ ನಿಧಾನದ ರೀಲೂ ಆಗದು. ಗಾಳಕ್ಕೆ ಸಿಕ್ಕ ಜಿತಾಡಾ ಒಮ್ಮೊಮ್ಮೆ ಗಾಳದವನ ಕಡೆಗೇ ಓಡಿಬರುತ್ತದೆ, ಇಲ್ಲವೇ ಕಾಂಡ್ಲಾ ಬೇರುಗಳ ಸಂದಿಗೆ ನುಗ್ಗುತ್ತದೆ. ಸಡಿಲಾದ ದಾರವನ್ನು ಬೇಗ ಸುತ್ತಿಕೊಳ್ಳದಿದ್ದರೆ ಮೀನು ಹೋದಂತೆಯೇ. 6ರ ಆಸುಪಾಸಿನ ಅನುಪಾತ ಎರಡಕ್ಕೂ ಒದಗುತ್ತದೆ.

ಎರಡನೆಯದು ಡ್ರ್ಯಾಗ್. ಮೀನು ಜಗ್ಗಿದಾಗ ದಾರ ಕಡಿಯುವ ಮುನ್ನ ಸ್ಪೂಲು ಜಾರಿ ದಾರ ಬಿಡಲು ಇರುವ ಬಿಲ್ಲೆಗಳ ಜೋಡಣೆ ಇದು. ದಾರ ತಾಳುವ ಬಲದ ಕಾಲು ಭಾಗದಿಂದ ಮೂರರಲ್ಲೊಂದು ಭಾಗದಷ್ಟಕ್ಕೆ ಇದನ್ನು ಬಿಗಿ ಮಾಡುವುದು ವಾಡಿಕೆ. ಮೀನು ದಾರ ಎಳೆದುಕೊಂಡು ಹೋದಂತೆ ಸ್ಪೂಲಿನ ವ್ಯಾಸ ಕುಗ್ಗುತ್ತದೆ, ಅದೇ ಬಿಗಿತಕ್ಕೆ ದಾರದ ಮೇಲಿನ ಸೆಳೆತ ಏರುತ್ತದೆ. ವ್ಯಾಸ ಅರ್ಧವಾದರೆ ಸೆಳೆತ ಎರಡು ಪಟ್ಟು. ದಪ್ಪ ದಾರ ಸಾಕಷ್ಟು ಹಿಡಿಸುವ ಅಗಲದ ಸ್ಪೂಲು ಬೇಕೆನ್ನುವುದು ಇದಕ್ಕೆ. ಬ್ರೇಡನ್ನು ಬರಿಯ ಸ್ಪೂಲಿಗೆ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ; ಕೆಳಗೆ ಕೆಲವು ಸುತ್ತು ನೈಲಾನ್ ದಾರ ಹಾಕಬೇಕು.

ಮೂರನೆಯದು ಉಪ್ಪು. ಭರತದ ಹೊತ್ತಿನಲ್ಲಿ ಸಮುದ್ರದ ನೀರು ಖಾಡಿಯ ಒಳಗಿನವರೆಗೂ ಏರುತ್ತದೆ. ಡಬ್ಬದ ಮೇಲೆ ಹತ್ತು ಬೇರಿಂಗ್ ಎಂದು ಬರೆದಿದ್ದರೆ ಹಿಗ್ಗುವ ಬದಲು ಅವು ತುಕ್ಕು ತಡೆಯುವಂಥವೇ ಎಂದು ಕೇಳಬೇಕು. ಹೊರಮೈ ಗ್ರ್ಯಾಫೈಟ್ ಬೆರೆತ ಪ್ಲಾಸ್ಟಿಕ್ಕಿನದಾದರೆ ತುಕ್ಕಿಲ್ಲ ನಿಜ, ಆದರೆ ಜಗ್ಗಿದಾಗ ಬಾಗಿ ಹಲ್ಲುಚಕ್ರಗಳ ಸಾಲು ತಪ್ಪಿಸುತ್ತದೆ. ಲೇಪನವಿರುವ ಅಲ್ಯೂಮಿನಿಯಂ ಬಾಗುವುದಿಲ್ಲ. ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿದು ಸಿಹಿ ನೀರಿನ ತೆಳು ಧಾರೆಯಲ್ಲಿ ತೊಳೆದು, ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲಿಸಿ ಇಟ್ಟರೆ ಬಿಲ್ಲೆಗಳು ಅದುಮಿಹೋಗುವುದಿಲ್ಲ.

ಒಟ್ಟಿನಲ್ಲಿ, ಅರವತ್ತರಿಂದ ನೂರು ಗ್ರಾಂ ಬೈಟಿಗೆ ತಯಾರಕರು 300 ಎಂದು ಕರೆಯುವ ಗಾತ್ರದ ಬೇಟ್‌ಕಾಸ್ಟರ್, 6ರ ಅನುಪಾತ, ಉದ್ದ ಹ್ಯಾಂಡಲ್, ಲೋಹದ ಮೈ ಸಾಕು. ಅದಕ್ಕೂ ಭಾರದ್ದನ್ನು ಎಸೆಯುವವರು ಮಾತ್ರ 400ಕ್ಕೆ ಹೋಗಲಿ. ಅದು ಕೈಗೆ ಹೊರೆಯಾಗುವುದೂ ನಿಜ.

ಇನ್ನು ಎಲ್ಲಿ ಎಸೆಯಬೇಕು ಎಂಬ ಪ್ರಶ್ನೆ. ಐರೋಲಿ ಮತ್ತು ವಾಶಿ ಸೇತುವೆಗಳ ನಡುವಿನ ಪಶ್ಚಿಮ ದಂಡೆ 2015ರಿಂದ ಫ್ಲೆಮಿಂಗೊ ಅಭಯಾರಣ್ಯ, 2022ರಿಂದ ರಾಮ್‌ಸಾರ್ ತಾಣ. ಅಲ್ಲಿ ಗಾಳ ಹಿಡಿದು ಇಳಿಯದೆ, ಬೇರೆಡೆ ಹೋಗುವ ಮುನ್ನವೂ ಊರಿನ ಕೋಳಿ ಸಮುದಾಯದ ಮೀನುಗಾರರನ್ನು ಕೇಳಿಕೊಳ್ಳುವುದು ಒಳ್ಳೆಯದು. ಜಿತಾಡಾ ಗಂಡಾಗಿ ಬೆಳೆದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುವ ಮೀನು. ದೊಡ್ಡವು ಬಹುತೇಕ ಮೊಟ್ಟೆಯಿಡುವ ಹೆಣ್ಣುಗಳೇ. ದೊಡ್ಡ ಬೈಟಿಗೆ ಬೀಳುವುದು ಅವೇ ಆದ್ದರಿಂದ, ಫೋಟೊ ತೆಗೆದ ಕೂಡಲೇ ಅವನ್ನು ನೀರಿಗೆ ಬಿಡಿ.