ಮದ್ರಸ, ಮನೆ, ನಡುವೆ ಒಂದಿಷ್ಟು ಕ್ರಾಸ್ ಸ್ಟಿಚ್

ಕೋಗಿಲಿನಲ್ಲಿ ನಾವು ಮೂವರು ಮದ್ರಸ ಶಿಕ್ಷಕಿಯರಿದ್ದೇವೆ. ಮೂವರೂ ಮದುವೆಯಾಗಿ ಕರಾವಳಿಯಿಂದ ಬೆಂಗಳೂರಿಗೆ ಬಂದವರು. ಸುಬ್‌ಹಿ ನಮಾಝ್ ಆದ ಕೂಡಲೇ ಅಡುಗೆಮನೆ, ಮಕ್ಕಳ ಟಿಫಿನ್, ಅಂಗಡಿಗೆ ಹೋಗುವವರ ಚಾ. ಮಧ್ಯಾಹ್ನ ಬಟ್ಟೆ, ಪಾತ್ರೆ, ಮನೆಯಲ್ಲಿ ಹಿರಿಯರಿದ್ದರೆ ಅವರ ಮದ್ದು. ಅಸರ್ ಆದ ಮೇಲೆ ಮಗ್ರಿಬ್‌ವರೆಗೆ ಮದ್ರಸ. ಇಷ್ಟರ ನಡುವೆ ನಾವು ಕ್ರಾಸ್ ಸ್ಟಿಚ್ ಹಾಕ್ತೇವೆ ಅಂತ ಗೊತ್ತಾದವರು ಮೊದಲು ಕೇಳುವುದು ಒಂದೇ ಮಾತು: "ನಿಮಗೆ ಇದಕ್ಕೆಲ್ಲ ಪುರ್ಸೊತ್ತು ಎಲ್ಲಿಂದ ಮಾರಾಯ್ರೆ?"

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಗಂಡಸರು ಅಂಗಡಿ ಮುಚ್ಚಿ ಬಂದು ಒಂದು ಗಂಟೆ ಮೊಬೈಲ್ ನೋಡಿದರೆ ಪುರ್ಸೊತ್ತಿನ ಲೆಕ್ಕ ಯಾರೂ ಕೇಳುವುದಿಲ್ಲ, ಅದೂ ಉಂಟು.

ಕ್ರಾಸ್ ಸ್ಟಿಚ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಚೌಕ ಚೌಕ ನೇಯ್ದ ಬಟ್ಟೆಯಲ್ಲಿ ಗುಣಾಕಾರದ ಚಿಹ್ನೆಯ ಹಾಗೆ ಒಂದೊಂದೇ ಹೊಲಿಗೆ. ಮೊದಲು ಒಂದು ಓರೆ ಗೆರೆ, ಅದರ ಮೇಲೆ ಇನ್ನೊಂದು. ಮೇಲಿನ ಗೆರೆ ಎಲ್ಲ ಒಂದೇ ದಿಕ್ಕಿಗೆ ಬೀಳಬೇಕು, ಇಲ್ಲದಿದ್ದರೆ ದೂರದಿಂದ ನೋಡುವಾಗ ಕಲೆ ಬಿದ್ದ ಹಾಗೆ ಕಾಣ್ತದೆ. ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಕಲಿತವರು ಬಹಳ ಮಂದಿ ಇದ್ದಾರೆ. ಈಗ ಚಿಕ್ಕಪೇಟೆ ಕಡೆ ಹೋದರೆ ಇಂಚಿಗೆ 14 ಚೌಕದ ಬಟ್ಟೆ ಸಿಗ್ತದೆ. ನೂಲಿನಲ್ಲಿ 6 ಎಳೆ ಇರ್ತದೆ, ಬಿಡಿಸಿ 2 ಎಳೆ ಮಾತ್ರ ತೆಗೆದುಕೊಂಡರೆ ಸಾಕು. ಇದು ಹೊರಗಿನಿಂದ ಬಂದದ್ದು ಅಂತ ತಿಳಿಯಬೇಡಿ. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಅದರಲ್ಲಿ ಮೆಂತೆ ಎಂಬುದು ಕ್ರಾಸ್ ಸ್ಟಿಚ್ಚೇ. ಅಲ್ಲಿನ ಹೆಂಗಸರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದೂ ಇಲ್ಲ, ಎಳೆ ಎಣಿಸಿಯೇ ಹಾಕುವವರು.

ನಮ್ಮ ಉಮ್ಮಂದಿರ ಕೈಯಲ್ಲೂ ನೂಲು ಇತ್ತು, ಆದರೆ ಅದು ಬೀಡಿಯ ನೂಲು. ಬಂಟ್ವಾಳ, ಪುತ್ತೂರು, ಉಳ್ಳಾಲ ಎಲ್ಲ ಕಡೆ ಬ್ಯಾರಿ ಮನೆಗಳ ಜಗಲಿಯಲ್ಲಿ ಹೆಂಗಸರು ಮಡಿಲಲ್ಲಿ ಗೆರಸೆ ಇಟ್ಟು ಕೂರುತ್ತಿದ್ದ ಕಾಲ ಓದುಗರಿಗೆ ನೆನಪಿರಬಹುದು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ತುದಿಗೆ ನೂಲು ಕಟ್ಟುವುದು. ಸಾವಿರಕ್ಕೆ ಇಷ್ಟು ಅಂತ ಮಜೂರಿ. ಬ್ರಾಂಚಿಗೆ ಕೊಂಡುಹೋದರೆ ಸರಿಯಿಲ್ಲದ್ದನ್ನು ಬದಿಗೆ ಹಾಕ್ತಿದ್ದರು, ಅದಕ್ಕೆ ದುಡ್ಡಿಲ್ಲ. ನಾವು ಮೂವರೂ ಓದಿದ್ದು ಆ ಗೆರಸೆಯ ದುಡ್ಡಿನಲ್ಲಿ. ಶಾಲೆಯಿಂದ ಬಂದು ನಾವೂ ಬೀಡಿಯ ತುದಿ ಮಡಚಿಕೊಟ್ಟದ್ದುಂಟು. ನಮ್ಮ ಉಮ್ಮಂದಿರು ಸುಮ್ಮನೆ, ಮನಸ್ಸಿನ ಖುಷಿಗೆ ಅಂತ ಕೈಕೆಲಸ ಮಾಡಿದ್ದನ್ನು ನಾವು ನೋಡಿದವರೇ ಅಲ್ಲ.

ಕಾಸರಗೋಡಿನ ತಳಂಗರೆಯ ಟೊಪ್ಪಿಯ ಕಥೆಯೂ ಹಾಗೆಯೇ. ಮಾಲಿಕ್ ದೀನಾರ್ ಮಸೀದಿಯ ಊರು ಅದು. ಅಲ್ಲಿನ ಹೆಂಗಸರು ಮನೆಯಲ್ಲಿ ಕೂತು ಬಿಳಿ ಬಟ್ಟೆಗೆ ನವಿರಾದ ಹೂಕೆಲಸ ಮಾಡಿದ ಟೊಪ್ಪಿ ಗಲ್ಫ್‌ವರೆಗೆ ಹೋಗುತ್ತಿತ್ತು. ಮೆಶಿನ್ ಟೊಪ್ಪಿ ಬಂದ ಮೇಲೆ ಹೊಲಿಯುವ ಮನೆಗಳು ಕಮ್ಮಿಯಾದವು. ಟೊಪ್ಪಿಯ ಹೆಸರು ಊರಿಗೆ ಬಂತು, ಹೊಲಿದ ಹೆಂಗಸಿನ ಹೆಸರು ಯಾರಿಗೂ ಗೊತ್ತಿಲ್ಲ.

ಈಗ ಪುರ್ಸೊತ್ತಿನ ವಿಷಯಕ್ಕೆ ಬರುವ. ನಾವು ಕಂಡುಕೊಂಡದ್ದು ಏನೆಂದರೆ, ಈ ಕೆಲಸದಲ್ಲಿ ಎರಡು ಜಾತಿ ಉಂಟು: ಎಣಿಸುವ ಕೆಲಸ, ತುಂಬುವ ಕೆಲಸ. ಅಕ್ಷರದ ಅಂಚು ಎಲ್ಲಿ ಶುರು, ಎಲ್ಲಿ ತಿರುಗ್ತದೆ ಎಂದು ಎಣಿಸುವುದಕ್ಕೆ ತಲೆ ಬೇಕು, ಬೆಳಕು ಬೇಕು, ಪಕ್ಕದಲ್ಲಿ ಯಾರೂ "ಉಮ್ಮಾ" ಅಂತ ಕರೆಯಬಾರದು. ಅದು ಮಕ್ಕಳು ಶಾಲೆಗೆ ಹೋದ ಮೇಲಿನ ಇಪ್ಪತ್ತು ನಿಮಿಷಕ್ಕೆ ಮಾತ್ರ ಆಗುವಂಥದ್ದು. ಅಂಚು ಒಮ್ಮೆ ಆಯ್ತಾ, ಒಳಗೆ ತುಂಬುವುದಕ್ಕೆ ತಲೆ ಬೇಡ. ಇಶಾ ಆದ ಮೇಲೆ ಮಗನ ಹೋಮ್‌ವರ್ಕ್ ನೋಡುತ್ತಾ, ಕುಕ್ಕರ್ ಕೂಗುವುದನ್ನು ಕಾಯುತ್ತಾ ತುಂಬಬಹುದು. ಮೊದಲು ನಾವು ರಾತ್ರಿ ಎಣಿಸಲು ಕೂತು, ತಪ್ಪಿ, ಬಿಚ್ಚಿ, ಮಕ್ಕಳ ಮೇಲೆ ಸಿಟ್ಟು ಮಾಡಿಕೊಂಡು ಮಲಗುತ್ತಿದ್ದೆವು. ಈಗ ಹತ್ತು ಹತ್ತು ಚೌಕಕ್ಕೆ ನೀರಿನಲ್ಲಿ ಹೋಗುವ ಪೆನ್ನಿನಿಂದ ಗೆರೆ ಎಳೆದಿಡ್ತೇವೆ, ಎಣಿಕೆ ಅರ್ಧಕ್ಕೆ ನಿಂತರೂ ತೊಂದರೆಯಿಲ್ಲ. ಸೂಜಿ ಮೊಂಡು ತುದಿಯದ್ದು, ನಂಬರ್ 24. ಆದರೂ ಸಣ್ಣ ಮಕ್ಕಳಿರುವ ಮನೆ, ಖರ್ಜೂರದ ತಗಡಿನ ಡಬ್ಬಿಯಲ್ಲಿ ಒಂದು ಅಯಸ್ಕಾಂತದ ತುಂಡು ಇಟ್ಟು ಸೂಜಿಯನ್ನು ಅದಕ್ಕೇ ಅಂಟಿಸುವುದು. ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ವಾರ ಮಾತ್ರ ಎಣಿಕೆ ಬಂದ್. ಆ ವಿಮಾನಗಳ ಸದ್ದಿಗೆ ಮದ್ರಸದ ಮಕ್ಕಳೇ ಅಲಿಫ್ ಬಾ ಮರೀತಾರೆ, ಇನ್ನು ನಾವು! ರಮಝಾನಿನಲ್ಲಿ ಚೀಲ ಕಪಾಟಿನ ಮೇಲೆ ಹೋಗ್ತದೆ, ಪೆರ್ನಾಲ್ ಕಳೆದ ಮೇಲೆಯೇ ಕೆಳಗೆ.

ಹೀಗೆ ಸರಿಯಾಗಿ ನಡೆಯುತ್ತಿದ್ದದ್ದನ್ನು ನಾವೇ ಹಾಳು ಮಾಡಿಕೊಂಡ ಒಂದು ಸಂಗತಿ ಹೇಳಲೇಬೇಕು. ನಮ್ಮಲ್ಲೊಬ್ಬರು ಸಂಬಂಧಿಕರ ಮನೆಕೂಡಲಿಗೆ ಬಿಸ್ಮಿಲ್ಲಾದ ಫ್ರೇಮ್ ಮಾಡಿಕೊಟ್ಟರು. ನೋಡಿದವರು ಮೆಚ್ಚಿ, "ಮದುವೆಗೆ ಕೊಡಲಿಕ್ಕೆ ಹತ್ತು ಬೇಕು, ಒಂದಕ್ಕೆ 1000 ರೂಪಾಯಿ ಕೊಡ್ತೇವೆ" ಎಂದರು. ಮೂವರೂ ಹಾರಿಬಿದ್ದು ಒಪ್ಪಿಕೊಂಡೆವು. ಲೆಕ್ಕ ಹಾಕಿದ್ದು ಆಮೇಲೆ. ಒಂದು ಫ್ರೇಮಿಗೆ ಸುಮಾರು 4000 ಹೊಲಿಗೆ. ಎಷ್ಟು ಬೇಗ ಹಾಕಿದರೂ 30 ಗಂಟೆ. ಬಟ್ಟೆ, ನೂಲು, ಗಾಜು, ಚೌಕಟ್ಟಿಗೆ 400 ಹೋದರೆ ಉಳಿಯುವುದು 600. ಅಂದರೆ ಗಂಟೆಗೆ 20 ರೂಪಾಯಿ!

ಮಾತು ಕೊಟ್ಟಾಗಿತ್ತು, ಮಾಡಿದೆವು. ಎರಡೂವರೆ ತಿಂಗಳು ಮನೆಯಲ್ಲಿ ದಿನಾ ಗಂಜಿ, ಚಟ್ನಿ. ಪಬ್ಲಿಕ್ ಪರೀಕ್ಷೆಗೆ ಕೂರಬೇಕಾದ ಐದನೇ ತರಗತಿಯ ಮಕ್ಕಳ ನೋಟ್ಸ್ ತಿದ್ದದೆ ಉಳಿಯಿತು. ಒಂದು ದಿನ ಒಬ್ಬಳು ಹುಡುಗಿ ಓದುವಾಗ ಹ ಮತ್ತು ಖ ಅಕ್ಷರ ಮೂರು ಸಲ ತಪ್ಪಿದಳು, ನಮ್ಮಲ್ಲೊಬ್ಬರು ಎಲ್ಲರೆದುರು ಬಯ್ದರು. ಅದೇ ರಾತ್ರಿ ಅವರ ಕೈಯಲ್ಲಿದ್ದ ಫ್ರೇಮಿನಲ್ಲಿ ಒಂದು ಚೌಕ ಆಚೆ ಹೋಗಿ, ಅದರ ಮೇಲಿನ ಇಪ್ಪತ್ತು ಸಾಲು ಬಿಚ್ಚಬೇಕಾಯಿತು. ಮರುದಿನ ಆ ಹುಡುಗಿಯನ್ನು ಹತ್ತಿರ ಕೂರಿಸಿ ಮಾಫಿ ಕೇಳಿದರಂತೆ. ಹತ್ತು ಫ್ರೇಮ್ ಕೊಟ್ಟು ಮುಗಿದ ದಿನ ನಾವು ತೀರ್ಮಾನ ಮಾಡಿದೆವು, ಇನ್ನು ಆರ್ಡರ್ ಬೇಡ. ಬೀಡಿ ಬಿಟ್ಟು ಬಂದವರು ಇನ್ನೊಂದು ಬೀಡಿ ಹಿಡಿದ ಹಾಗಾಗಿತ್ತು.

ದುಡಿಮೆ ಕೆಟ್ಟದ್ದು ಅಂತ ನಾವು ಹೇಳುವುದಲ್ಲ. ಪ್ರವಾದಿ (ಸ) ಅವರ ಪತ್ನಿ ಝೈನಬ್ ಬಿನ್ತ್ ಜಹ್ಶ್ (ರ) ತಮ್ಮ ಕೈಯಿಂದ ದುಡಿದು ದಾನ ಮಾಡುತ್ತಿದ್ದವರು, ಅದಕ್ಕೇ ಅವರನ್ನು ಉದ್ದ ಕೈಯವರು ಎಂದು ಹದೀಸಿನಲ್ಲಿ ಹೇಳಿದ್ದು. ಹೊಲಿದು ಸಂಸಾರ ನಡೆಸುವ ಅಕ್ಕಂದಿರು ಕೋಗಿಲಿನಲ್ಲೂ ಇದ್ದಾರೆ, ಅವರಿಗೆ ಕೂಲಿ ಸರಿಯಾಗಿ ಸಿಗಬೇಕು. ನಾವು ಗಂಟೆಗೆ 20 ರೂಪಾಯಿಗೆ ಮಾಡಿಕೊಟ್ಟರೆ ಅವರ ಕೂಲಿಯೂ ಇಳೀತದೆ, ಇದು ನಮಗೆ ತಡವಾಗಿ ಹೊಳೆದ ಸಂಗತಿ.

ಮಾದರಿಯ ಬಗ್ಗೆಯೂ ಕೇಳುವವರಿದ್ದಾರೆ. ನಾವು ಜೀವಿಗಳ ಚಿತ್ರ ಹಾಕುವುದಿಲ್ಲ. ಹೂ, ಬಳ್ಳಿ, ನಕ್ಷತ್ರ, ಅಕ್ಷರ ಇವೇ ಬೇಕಾದಷ್ಟಾಯಿತು. ಆಯತ್ತು ಬರೆದದ್ದನ್ನು ದಿಂಬಿಗೆ, ಕೂರುವ ಬಟ್ಟೆಗೆ ಹಾಕುವುದಂತೂ ಬೇಡವೇ ಬೇಡ. ಗೆರೆ ಗೆರೆಯ ಒಂದು ಹೊದಿಕೆ ನಮಾಝಿನಲ್ಲಿ ಗಮನ ಸೆಳೆಯಿತೆಂದು ಪ್ರವಾದಿ (ಸ) ಅದನ್ನು ವಾಪಸು ಕಳಿಸಿದ ಹದೀಸ್ ಉಂಟಲ್ಲ, ಅದಕ್ಕೇ ನಮಾಝ್ ಮಾಡುವ ಕಡೆಯ ಗೋಡೆಯನ್ನು ನಾವು ಖಾಲಿ ಬಿಡ್ತೇವೆ.

ಮದ್ರಸದ ದೊಡ್ಡ ಹುಡುಗಿಯರಿಗೆ ರಜೆಯಲ್ಲಿ ಕಲಿಸಿದಾಗ ಫೆಲೆಸ್ತೀನಿನ ತತ್ರೀಝ್ ಬಗ್ಗೆ ಹೇಳಿದೆವು. ಅದೂ ಹೆಚ್ಚಾಗಿ ಕ್ರಾಸ್ ಸ್ಟಿಚ್ಚೇ. ಹಿಂದೆ ಅಂಗಿಯ ಎದೆಯ ಮೇಲಿನ ಮಾದರಿ ನೋಡಿದರೆ ಹೆಂಗಸು ಯಾವ ಊರಿನವಳೆಂದು ಗೊತ್ತಾಗುತ್ತಿತ್ತಂತೆ. 1948ರಲ್ಲಿ ಊರು ಬಿಟ್ಟವರು ನಿರಾಶ್ರಿತರ ಶಿಬಿರಗಳಲ್ಲೂ ಅದನ್ನು ಬಿಡಲಿಲ್ಲ. 2021ರಲ್ಲಿ ಯುನೆಸ್ಕೋ ಅದನ್ನು ತನ್ನ ಪಟ್ಟಿಗೆ ಸೇರಿಸಿತು. ಒಬ್ಬಳು ಹುಡುಗಿ ಕೇಳಿದಳು, "ಬ್ಯಾರಿಗಳಿಗೆ ಅಂತ ಒಂದು ಮಾದರಿ ಉಂಟಾ?" ನಾವು ಮುಖ ಮುಖ ನೋಡಿಕೊಂಡೆವು. ಕಡೆಗೆ ಅವಳೇ ಚೌಕದ ಪುಸ್ತಕದಲ್ಲಿ ಬೀಡಿ ಎಲೆಯ ಆಕಾರ ಬರೆದು ತಂದಳು. ಈಗ ಅದೇ ಎಲೆಯನ್ನು ಒಂದು ದಿಂಬಿನ ಕವರಿನ ಸುತ್ತ ಹಾಕ್ತಿದ್ದೇವೆ.

ಕಳೆದ ತಿಂಗಳು ನಮ್ಮಲ್ಲೊಬ್ಬರ ಉಮ್ಮ ಊರಿನಿಂದ ಬಂದಿದ್ದರು. ಎಪ್ಪತ್ತು ದಾಟಿದೆ, ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು, ಸುಮ್ಮನೆ ಕೂತರೆ ಈಗಲೂ ಬೆರಳು ಸುತ್ತುತ್ತಾ ಇರ್ತದೆ. ದಿಂಬಿನ ಕವರ್ ನೋಡಿ, "ಇದಕ್ಕೆ ಎಷ್ಟು ಸಿಗ್ತದೆ?" ಅಂತ ಕೇಳಿದರು. ಏನೂ ಇಲ್ಲ ಉಮ್ಮ, ಸುಮ್ಮನೆ ಅಂದೆವು. ನಂಬಲಿಲ್ಲ. ಸ್ವಲ್ಪ ಹೊತ್ತು ನೋಡಿ, ಕನ್ನಡಕ ಹಾಕಿ, ಸೂಜಿ ಕೇಳಿ ತೆಗೆದುಕೊಂಡರು. ಚಾ ಆಗುವಷ್ಟರಲ್ಲಿ ಒಂದು ಎಲೆ ಮುಗಿದಿತ್ತು. ಮೇಲಿನ ಗೆರೆಗಳೆಲ್ಲ ಉಲ್ಟಾ ದಿಕ್ಕಿಗೆ ಬಿದ್ದಿದ್ದವು. ನಾವು ಬಿಚ್ಚಲಿಲ್ಲ.