ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆ: ನಂದಗುಡಿ ಹೋಬಳಿಯ ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಬಡ ಕುಟುಂಬಗಳ ಪ್ರತಿಭಾವಂತ ಮಕ್ಕಳು 8ನೇ ತರಗತಿಗೇ ವಿದ್ಯಾಭ್ಯಾಸವನ್ನು ಮೊಟಕುಗೊಳಿಸುವುದನ್ನು ತಡೆಯುವ ಉದ್ದೇಶದಿಂದ ಕೇಂದ್ರ ಸರ್ಕಾರವು 2008ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಆದಾಯ ಹಾಗೂ ಪ್ರತಿಭೆ ಆಧಾರಿತ ವಿದ್ಯಾರ್ಥಿವೇತನ ಯೋಜನೆಯನ್ನು ಜಾರಿಗೊಳಿಸಿತು. ಆರಂಭದಲ್ಲಿ ವಾರ್ಷಿಕ ರೂ. 6,000 ಇದ್ದ ಮೊತ್ತವನ್ನು 2017ರಲ್ಲಿ ರೂ. 12,000ಕ್ಕೆ ಹೆಚ್ಚಿಸಲಾಯಿತು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ನಾಲ್ಕು ವರ್ಷಗಳಲ್ಲಿ ಒಟ್ಟು ರೂ. 48,000 ದೊರೆಯುತ್ತದೆ.

ನಗರದ ಪ್ರೌಢಶಾಲೆಗಳ ಪ್ರತಿಭಾವಂತ ಮಕ್ಕಳಿಗೆ ಒಲಿಂಪಿಯಾಡ್ ಹಾಗೂ ಫೌಂಡೇಶನ್ ತರಗತಿಗಳು ಹತ್ತಿರದಲ್ಲಿಯೇ ಲಭ್ಯವಿರುತ್ತವೆ. 10ನೇ ತರಗತಿಯ ರಾಷ್ಟ್ರೀಯ ಪ್ರತಿಭಾನ್ವೇಷಣಾ ಪರೀಕ್ಷೆಯೂ 2021ರಿಂದ ಸ್ಥಗಿತಗೊಂಡಿದೆ. ಆದ್ದರಿಂದ ಹೊಸಕೋಟೆ ತಾಲ್ಲೂಕಿನ ನಂದಗುಡಿಯಂತಹ ಗ್ರಾಮೀಣ ಹೋಬಳಿಯ ಮಕ್ಕಳಿಗೆ ಸದರಿ ಪರೀಕ್ಷೆಯು ಮಹತ್ವದ್ದಾಗಿದೆ.

ಅರ್ಹತೆ: ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ 8ನೇ ತರಗತಿಯಲ್ಲಿ ವ್ಯಾಸಂಗ ಮಾಡುತ್ತಿರಬೇಕು. 7ನೇ ತರಗತಿಯಲ್ಲಿ ಶೇ. 55 ಅಂಕ (ಪ.ಜಾ./ಪ.ಪಂ.ದವರಿಗೆ ಶೇ. 50) ಪಡೆದಿರಬೇಕು. ಪೋಷಕರ ವಾರ್ಷಿಕ ಆದಾಯವು ರೂ. 3,50,000 ಮೀರಿರಬಾರದು. ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಸೂಕ್ತ.

ಪರೀಕ್ಷೆ: ಬೌದ್ಧಿಕ ಸಾಮರ್ಥ್ಯ ಹಾಗೂ ವ್ಯಾಸಂಗಿಕ ಸಾಮರ್ಥ್ಯ ಎಂಬ ಎರಡು ಪತ್ರಿಕೆಗಳಿದ್ದು, ಪ್ರತಿಯೊಂದರಲ್ಲಿ 90 ಪ್ರಶ್ನೆಗಳಿಗೆ 90 ನಿಮಿಷಗಳ ಅವಧಿ ಇರುತ್ತದೆ. ಎರಡೂ ಸೇರಿ ಶೇ. 40, ಅಂದರೆ 180ಕ್ಕೆ 72 ಅಂಕ (ಪ.ಜಾ./ಪ.ಪಂ.ದವರಿಗೆ ಶೇ. 32) ಕನಿಷ್ಠ ಅರ್ಹತೆಯಾಗಿದೆ. ಆದರೆ ರಾಜ್ಯಕ್ಕೆ ನಿಗದಿಯಾದ ಸಂಖ್ಯೆಯೊಳಗೆ ಹೆಚ್ಚು ಅಂಕ ಪಡೆದವರಿಗೇ ವಿದ್ಯಾರ್ಥಿವೇತನ ದೊರೆಯುವುದರಿಂದ 72ಕ್ಕೆ ತೃಪ್ತರಾಗಬಾರದು. ವ್ಯಾಸಂಗಿಕ ಪತ್ರಿಕೆಯು 7 ಮತ್ತು 8ನೇ ತರಗತಿಗಳ ಗಣಿತ, ವಿಜ್ಞಾನ ಹಾಗೂ ಸಮಾಜ ವಿಜ್ಞಾನವನ್ನು ಆಧರಿಸಿರುವುದರಿಂದ ಶಾಲೆಯ ಪಠ್ಯಪುಸ್ತಕವೇ ಮುಖ್ಯ ಆಧಾರ. ಸಂಖ್ಯಾಶ್ರೇಣಿ, ಆಕೃತಿ ಹೋಲಿಕೆ ಮುಂತಾದವುಗಳಿಗೆ ಹಿಂದಿನ ವರ್ಷಗಳ ಪತ್ರಿಕೆಗಳನ್ನು ಶಿಕ್ಷಕರ ಮಾರ್ಗದರ್ಶನದಲ್ಲಿ, ಗಡಿಯಾರವಿಟ್ಟುಕೊಂಡು ಬಿಡಿಸುವುದು ಉಪಯುಕ್ತ.

ಪೋಷಕರ ವಿಶೇಷ ಗಮನಕ್ಕೆ: ಆಯ್ಕೆಯಾದ ಮಾತ್ರಕ್ಕೆ ನಾಲ್ಕೂ ವರ್ಷಗಳ ಹಣ ಖಚಿತವಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ನವೀಕರಣ ಕಡ್ಡಾಯ. ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. 9 ಮತ್ತು 11ನೇ ತರಗತಿಗಳಲ್ಲಿ ಶೇ. 55, 10ನೇ ತರಗತಿಯಲ್ಲಿ ಶೇ. 60 ಅಂಕಗಳನ್ನು (ಪ.ಜಾ./ಪ.ಪಂ.ದವರಿಗೆ ಶೇ. 5 ಸಡಿಲಿಕೆ) ಮೊದಲ ಪ್ರಯತ್ನದಲ್ಲಿಯೇ ಗಳಿಸಬೇಕು. ಎಸ್.ಎಸ್.ಎಲ್.ಸಿ. ನಂತರ ಅನುದಾನರಹಿತ ಖಾಸಗಿ ಕಾಲೇಜಿಗೆ ಸೇರಿದಲ್ಲಿ ಸೌಲಭ್ಯವು ನಿಲ್ಲುತ್ತದೆ. ಒಮ್ಮೆ ನಿಂತ ವಿದ್ಯಾರ್ಥಿವೇತನವನ್ನು ಮತ್ತೆ ಮಂಜೂರು ಮಾಡಲು ಅವಕಾಶವಿಲ್ಲ. ಆದ್ದರಿಂದ ಕಾಲೇಜು ಪ್ರವೇಶಕ್ಕೆ ಮುನ್ನ ಈ ಅಂಶವನ್ನು ಪರಿಶೀಲಿಸತಕ್ಕದ್ದು.

ಅರ್ಜಿಯನ್ನು ಶಾಲೆಯ ಮೂಲಕವೇ ಸಲ್ಲಿಸಬೇಕಾಗಿದ್ದು, ಹೆಚ್ಚಿನ ವಿವರಗಳಿಗೆ ಸಂಬಂಧಿಸಿದ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಹೊಸಕೋಟೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.